ಬಲಗಡೆಯ ಕಪ್ಪು ಚುಕ್ಕೆಗಳು

ಡ್ಯುನೆಡಿನ್
೧೯ ಮಾರ್ಚ್ ೧೯೭೯

ಪ್ರೀತಿಯ ತೆಯೋನೆ ಮಾಮ,

ಈ ಕಾಗದ ಬ್ಲಫ್ ಬಂದರಿನ ಅಂಗಡಿಯಲ್ಲಿ ಎಷ್ಟು ದಿನ ಬಿದ್ದಿರುತ್ತದೋ, ಯಾವ ದೋಣಿಯವನ ಜೇಬು ಸೇರುತ್ತದೋ, ನಿಮ್ಮ ದ್ವೀಪ ತಲುಪುವಷ್ಟರಲ್ಲಿ ಎಷ್ಟು ಮೀನು ನಾರುತ್ತದೋ ಗೊತ್ತಿಲ್ಲ. ಆದರೂ ಈ ಸುದ್ದಿ ಮೊದಲು ನಿಮಗೇ ಹೇಳಬೇಕು. ಮೂವತ್ತೊಂದು ವರ್ಷ ನಮ್ಮ ಪ್ರಯೋಗಾಲಯದ ಇಲಿಮನೆ ನೋಡಿಕೊಂಡವರು ನೀವು. ಕ್ರಿಸ್‌ಮಸ್‌ಗೆ ನಿವೃತ್ತರಾಗುವ ಮುಂಚೆ "ನನ್ನ ಕೊನೇ ಇಲಿಗಳು ಕಣಮ್ಮ, ಹಾಳು ಮಾಡ್ಬೇಡ" ಅಂತ ಹನ್ನೆರಡು ಇಲಿ ಕೈಗೆ ಕೊಟ್ಟಿರಲ್ಲ, ಅವುಗಳ ಸುದ್ದಿ ಇದು.

ನಾನು ಮಾಡುವುದೇನು ಎಂದು ನೀವು ಎಷ್ಟು ಸಲ ಕೇಳಿದಿರಿ, ನಾನು ಅಷ್ಟೂ ಸಲ ಓಡಿಹೋದೆ. ಈಗ ಕೇಳಿ. ರಕ್ತನಾಳದ ಗೋಡೆಯಲ್ಲಿ ಸುತ್ತಲೂ ನುಣುಪು ಸ್ನಾಯುವಿನ ಜೀವಕೋಶಗಳಿರುತ್ತವೆ. ಪ್ರಾಣಿ ಬೆಳೆಯುವಾಗ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಗೋಡೆ ಕಟ್ಟುತ್ತವೆ. ಬೆಳೆದು ಮುಗಿದ ಮೇಲೆ ಹೆಚ್ಚುವ ಕೆಲಸ ಬಿಟ್ಟು ತೆಪ್ಪಗಾಗುತ್ತವೆ. ಆದರೆ ನಾಳಕ್ಕೆ ಗಾಯವಾಯಿತೋ, ಎದ್ದು ಕೂರುತ್ತವೆ. ಮತ್ತೆ ಹೆಚ್ಚುತ್ತವೆ, ಒಳಮುಖವಾಗಿ ತೆವಳುತ್ತವೆ, ಕೆಲವೊಮ್ಮೆ ನಾಳವನ್ನೇ ಮುಚ್ಚಿಬಿಡುತ್ತವೆ. ನಾಳದ ಆಪರೇಷನ್ ಆದ ಮನುಷ್ಯರಿಗೂ ಇದೇ ಗತಿ. ಅವನ್ನು ಎಬ್ಬಿಸುವವರು ಯಾರು ಎನ್ನುವುದೇ ನನ್ನ ತಲೆನೋವು.

ನಾನು ಇಲಿಯ ಕತ್ತಿನ ಎಡನಾಳದೊಳಗೆ ಪುಟ್ಟ ಬಲೂನು ತೂರಿಸಿ ಒಳಪದರ ಕೆರೆದೆ. ಬಲನಾಳವನ್ನು ಹೋಲಿಕೆಗೆಂದು ಮುಟ್ಟದೆ ಬಿಟ್ಟೆ. ಹೆಚ್ಚುತ್ತಿರುವ ಜೀವಕೋಶದೊಳಗೆ ಮಾತ್ರ ಸೇರಿಕೊಳ್ಳುವ, ಚೂರು ವಿಕಿರಣ ಸೂಸುವ ಮದ್ದು ಚುಚ್ಚಿದೆ. ಆಮೇಲೆ ನಾಳಗಳನ್ನು ತೆಳ್ಳಗೆ ಸೀಳಿ, ಗಾಜಿಗೆ ಅಂಟಿಸಿ, ಕತ್ತಲೆಕೋಣೆಯಲ್ಲಿ ಫಿಲ್ಮಿನ ಲೇಪ ಹಚ್ಚಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಆರು ವಾರ ಇಟ್ಟೆ. ಹೆಚ್ಚುತ್ತಿದ್ದ ಜೀವಕೋಶದ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ.

ಎಡಗಡೆ ಚುಕ್ಕೆಯೋ ಚುಕ್ಕೆ. ಅದು ಗೊತ್ತಿದ್ದದ್ದೇ. ಆದರೆ ಮಾಮ, ಬಲಗಡೆಯೂ ಚುಕ್ಕೆ! ನಾನು ಮುಟ್ಟದೇ ಇದ್ದ ನಾಳದಲ್ಲಿ! ಹನ್ನೆರಡಕ್ಕೆ ಹನ್ನೆರಡು ಇಲಿಗಳಲ್ಲೂ! ಎಡಕ್ಕೆ ಬಿದ್ದ ಪೆಟ್ಟಿನ ಸುದ್ದಿ ರಕ್ತದ ಮೂಲಕ ಬಲಕ್ಕೆ ಹೋಗಿದೆ. ಪ್ರೊಫೆಸರ್ ಕ್ರೂ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಐಲ್ಸಾ, ಇದನ್ನ ಇನ್ನೂ ಯಾರೂ ಕಂಡಿಲ್ಲ" ಅಂದರು. ಅವರ ಬಾಯಿಂದ ಹೊಗಳಿಕೆ ಬಂದದ್ದು ಇದೇ ಮೊದಲು, ನನಗೆ ಕಾಲು ನೆಲದ ಮೇಲಿರಲಿಲ್ಲ.

ಜೂನ್ ಹನ್ನೆರಡಕ್ಕೆ ಮೆಲ್ಬರ್ನ್‌ನಲ್ಲಿ ಸಮ್ಮೇಳನ. ಅಲ್ಲಿ ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಅಲ್ಲೇ ಎರಡು ವರ್ಷದ ಕೆಲಸವೊಂದು ಖಾಲಿ ಇದೆ, ಕೇಳಲು ಕೂರುವವರೇ ಆರಿಸುವವರು. ನನ್ನ ಇಲ್ಲಿಯ ವಿದ್ಯಾರ್ಥಿವೇತನ ಜೂನ್‌ಗೆ ಮುಗಿಯುತ್ತದೆ. ಹಾಗಾಗಿ ಈ ಬಲಗಡೆಯ ಚುಕ್ಕೆಗಳೇ ಈಗ ನನ್ನ ಅನ್ನ.

ಇನ್ನೊಂದು ಗುಂಪು ಇಲಿಗಳಲ್ಲಿ ಇದನ್ನೇ ಮಾಡಿ ತೋರಿಸಬೇಕು. ಆದರೆ ನಿಮ್ಮ ಜಾಗಕ್ಕೆ ಬಂದಿರುವ ಬ್ಯಾರಿಯ ಇಲಿಗಳು ಮುನ್ನೂರೈವತ್ತು ಗ್ರಾಂ ಮುಟ್ಟುವುದೇ ಇಲ್ಲ. ಅಷ್ಟು ತೂಗಿದರೆ ತಾನೇ ಬೆಳೆದ ಇಲಿ? ನಿಮ್ಮ ಕಾಲದಲ್ಲಿ ಕೇಳಿದ ವಾರವೇ ಸಿಗುತ್ತಿದ್ದವು. ಬ್ಯಾರಿ ಬಾಗಿಲು ತೆಗೆದಾಗ ನಿಮ್ಮ ಹಳೇ ತಾಯಿ ಇಲಿಗಳು ಓಡಿಬಂದು ಮೂಗು ಚಾಚಿ, ಅವನನ್ನು ಕಂಡು ಬೆನ್ನು ತಿರುಗಿಸುತ್ತವೆ. ನಿಮ್ಮ ಮೇಲೆ ಎಂಥ ಪ್ರೀತಿ ನೋಡಿ!

ನಿಮ್ಮ,
ಐಲ್ಸಾ ರೆನ್ನಿ

*

ದ್ವೀಪದಿಂದ
೪ ಏಪ್ರಿಲ್ ೧೯೭೯

ಐಲ್ಸಾ ಮಗಳೇ,

ನಿನ್ನ ಕಾಗದ ಬಂತು. ಮೀನು ನಾರಲಿಲ್ಲ, ಡೀಸೆಲ್ ನಾರಿತು. ನನ್ನ ಅಕ್ಕ ಹೆನಿಗೆ ಓದಿ ಹೇಳಿದೆ. ನಿನ್ನ ಸುದ್ದಿ ಕೇಳಿ ಅವಳು ಒಲೆಗೆ ಇನ್ನೊಂದು ಕೊರಡು ತುರುಕಿ, "ಆ ಹುಡುಗಿಗೆ ಒಂದು ಬಕೆಟ್ ಉಪ್ಪು ಹಾಕಿದ ಹಕ್ಕಿ ಕಳಿಸೋಣ, ಬರೀ ಟೀ ಕುಡ್ಕೊಂಡು ಬದುಕ್ತಾಳೆ ಅಂತಿದ್ಯಲ್ಲ" ಅಂದಳು. ನನಗೂ ಸಂತೋಷವಾಯಿತು. ನನ್ನ ಕೊನೆಯ ಇಲಿಗಳು ಮೆಲ್ಬರ್ನ್‌ಗೆ ಹೋಗುತ್ತವೆ ಅಂದರೆ ಸಾಮಾನ್ಯವೇ?

ಮೊನ್ನೆ ಒಂದನೇ ತಾರೀಕು ಬಿಲದಲ್ಲಿ ಗೂಡು ಮಾಡುವ ತೀತಿ ಕಡಲಹಕ್ಕಿಯ ಮರಿ ಹಿಡಿಯುವ ಹಂಗಾಮು ಶುರುವಾಯಿತು. ಮೂವತ್ತೊಂದು ವರ್ಷ ರಜೆ ಸಿಗದೆ ಹತ್ತು ದಿನಕ್ಕೆ ಬಂದು ಓಡಿಹೋಗುತ್ತಿದ್ದೆ. ಈ ಸಲ ಎರಡು ತಿಂಗಳೂ ನನ್ನದೇ. ಮೊದಲ ದಿನವೇ ಮಾನ ಹೋಯಿತು. ಬಿಲದ ಮುಂದೆ ಬೋರಲು ಮಲಗಿ, ಹೆಗಲವರೆಗೆ ಕೈ ತೂರಿಸಿ, ಒಳಗಿರುವ ಮರಿಯನ್ನು ತಡವಿ ಎಳೆಯಬೇಕು. ನಾನು ತೂರಿಸಿದ ಕೈ ತಿರುಗಿ ಬರಲಿಲ್ಲ, ಬೇರಿಗೆ ಸಿಕ್ಕಿಕೊಂಡಿತು. ಒಳಗಿದ್ದ ಮರಿ ಸಮಾಧಾನವಾಗಿ ಬೆರಳು ಕುಕ್ಕುತ್ತಿತ್ತು. ಎಪ್ಪತ್ತರ ಹೆನಿ ಆರು ಹಕ್ಕಿ ಹೆಗಲಿಗೆ ಹಾಕಿಕೊಂಡು ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಇಲಿ ಸಾಕೀ ಸಾಕೀ ನೀನೂ ಬಿಲ ಸೇರ್ಕೊಂಡ್ಯೇನೋ?" ಎಂದಳು. ಈಗ ದ್ವೀಪದಲ್ಲೆಲ್ಲ ಇದೇ ಮಾತು.

ಈ ವರ್ಷ ಮರಿಗಳು ಎಷ್ಟು ಕೊಬ್ಬಿವೆ ಗೊತ್ತೇ? ಅಪ್ಪ ಅಮ್ಮ ಕಡಲಿಂದ ತಂದು ತಂದು ತುರುಕಿ, ಮರಿಗಳು ತಾಯಿಗಿಂತ ಹೆಚ್ಚು ತೂಗುತ್ತವೆ. ಇನ್ನೂ ಮೈಮೇಲೆ ಎಳೆ ತುಪ್ಪಳ, ಹಾರಲೂ ಬರುವುದಿಲ್ಲ, ಆಕಾರ ಮಾತ್ರ ಊರಗೌಡನದು.

ಬಲಗಡೆಯ ವಿಷಯ ನನಗೆ ಪೂರ್ತಿ ತಲೆಗೆ ಹತ್ತಲಿಲ್ಲ. ಮುಟ್ಟದ ಕಡೆಯೂ ಹೆಚ್ಚುತ್ತಿವೆ ಅಂದರೆ ಅದು ಒಳ್ಳೆಯದೋ ಕೆಟ್ಟದ್ದೋ? ಇಲಿಗಳು ಬ್ಯಾರಿಗೆ ಬೆನ್ನು ತಿರುಗಿಸುವುದು ಪ್ರೀತಿಯಿಂದಲೇ ಇರಬೇಕು. ಆ ವಿಷಯ ಬಿಡು.

ತೆಯೋನೆ

*

ಡ್ಯುನೆಡಿನ್
೧೮ ಏಪ್ರಿಲ್ ೧೯೭೯

ಪ್ರೀತಿಯ ಮಾಮ,

ನೀವು ಬಿಲಕ್ಕೆ ಸಿಕ್ಕಿಕೊಂಡ ಕಥೆಯನ್ನು ಚಹಾದ ಹೊತ್ತಿನಲ್ಲಿ ಎಲ್ಲರಿಗೂ ಓದಿದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮರಿ ಅಮ್ಮನಿಗಿಂತ ದಪ್ಪ ಅನ್ನುವುದನ್ನು ಪ್ರೊಫೆಸರ್ ನಂಬಲೇ ಇಲ್ಲ. "ತೆಯೋನೆ ಮೊದ್ಲಿಂದ್ಲೂ ಹೀಗೆ ಬುರುಡೆ ಬಿಡೋದೇ" ಅಂದರು.

ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದ್ದೀರಿ. ಅದ್ಭುತ! ಒಂದು ಕಡೆ ಗಾಯವಾದರೆ ಮೈಯಲ್ಲಿರುವ ನಾಳಗಳೆಲ್ಲ ಏಳುತ್ತವೆ ಅನ್ನುವುದಾದರೆ, ಏಳಿಸುವ ವಸ್ತು ರಕ್ತದಲ್ಲೇ ಓಡಾಡುತ್ತಿದೆ ಎಂದಾಯಿತು. ಅದನ್ನು ಹಿಡಿದರೆ ನಿಲ್ಲಿಸಲೂಬಹುದು. ಮೆಲ್ಬರ್ನ್‌ನವರು ನನ್ನ ಸಾರಾಂಶವನ್ನು ಅಚ್ಚು ಹಾಕಿ ಎಲ್ಲರಿಗೂ ಕಳಿಸಿದ್ದಾರೆ. ನನ್ನ ಹೆಸರು ಮೊದಲು, ಪ್ರೊಫೆಸರ್ ಹೆಸರು ಆಮೇಲೆ. ಅಮ್ಮ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ.

ಬ್ಯಾರಿಯ ಇಲಿಗಳು ಅಂತೂ ಇಂತೂ ತೂಕಕ್ಕೆ ಬಂದವು. ಆರು ಇಲಿಗಳಿಗೆ ಬಲೂನು ಹಾಕಿ, ಸೀಳಿ, ಈ ತಿಂಗಳ ಹತ್ತಕ್ಕೆ ಡಬ್ಬಿ ಫ್ರಿಜ್ಜಿಗೆ ಸೇರಿದೆ. ಮೇ ಇಪ್ಪತ್ತೆರಡಕ್ಕೆ ತೆಗೆಯಬಹುದು. ಆದರೆ ಅಷ್ಟು ತಡ ಮಾಡಿದ್ದಕ್ಕೆ ಪ್ರೊಫೆಸರ್ ಕೆಂಡವಾಗಿದ್ದಾರೆ. ಬ್ಯಾರಿಯನ್ನು ಎದುರಿಗೆ ನಿಲ್ಲಿಸಿಕೊಂಡು "ಇಲಿಗೆ ಹಾಕೋ ಕಾಳು ಮನೆಗೆ ಒಯ್ತಿದ್ದೀಯೇನಪ್ಪ?" ಅಂತ ಕೇಳಿಯೇಬಿಟ್ಟರು. ಆ ಪಾಪದ ಮನುಷ್ಯನ ಮುಖ ಕೆಂಪಗಾಯಿತು. "ಪುಸ್ತಕದಲ್ಲಿ ಬರೆದಷ್ಟೇ ಹಾಕ್ತಿದ್ದೀನಿ, ಅಳೆದು ಹಾಕ್ತಿದ್ದೀನಿ" ಅಂದ. ಯಾರು ನಂಬುತ್ತಾರೆ? ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಕಚೇರಿಗೆ ದೂರು ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಅದೇ ಮೇವಿನ ಉಂಡೆ, ಅದೇ ನೀರು, ಅದೇ ಗೂಡು. ನಿಮ್ಮ ಇಲಿಗಳು ಹೇಗೆ ಅಷ್ಟು ದುಂಡಗಿರುತ್ತಿದ್ದವು? ಗುಟ್ಟು ಬಿಟ್ಟುಕೊಡಿ ಮಾಮ.

ಐಲ್ಸಾ

*

ದ್ವೀಪದಿಂದ
೨ ಮೇ ೧೯೭೯

ಐಲ್ಸಾ ಮಗಳೇ,

ಇಲ್ಲಿ ಗಾಳಿ ಜೋರಾಗಿದೆ. ತಗಡಿನ ಹೊದಿಕೆಗೆ ಕಲ್ಲು ಹೇರಿದ್ದೇವೆ. ಹಕ್ಕಿಗಳ ಪುಕ್ಕ ಕಿತ್ತು, ಉಪ್ಪು ಹಾಕಿ, ಕಡಲಪಾಚಿಯ ಚೀಲಕ್ಕೆ ತುಂಬುವ ಕೆಲಸ ಭರದಿಂದ ನಡೆದಿದೆ. ನನ್ನ ಬೆರಳು ಈಗ ಪಳಗಿವೆ. ಬೇರಿಗೆ ಸಿಕ್ಕುವುದು ನಿಂತಿದೆ. ಹೆನಿಗೆ ಹೇಳಿಕೊಳ್ಳಲು ಹೊಸ ಕಥೆ ಬೇಕಾಗಿದೆ.

ಬ್ಯಾರಿ ಕೆಟ್ಟವನಲ್ಲ. ಅವನಿಗೆ ಕೆಲಸ ಕಲಿಸಿದವನು ನಾನೇ, ಒಂದು ವಾರ ಜೊತೆಗಿದ್ದ. ನೆಟ್ಟಗೆ ಕೈ ತೊಳೆಯುತ್ತಾನೆ, ಕಳ್ಳತನ ಅವನಿಗೆ ಗೊತ್ತಿಲ್ಲ. ಅವನನ್ನು ಸುಮ್ಮನೆ ಬಿಡಿ ಎಂದು ಪ್ರೊಫೆಸರಿಗೆ ನನ್ನ ಪರವಾಗಿ ಹೇಳು. ದೂರು ಗೀರು ಬೇಡ.

ಒಂದು ಮಾತು ಕೇಳಬೇಕು ಅನಿಸುತ್ತಿದೆ. ನೀನು ಇಲಿ ಆರಿಸುವುದು ಬರೀ ತೂಕ ನೋಡಿಯೋ? ಬೇರೇನೂ ನೋಡುವುದಿಲ್ಲವೋ?

ಗುಟ್ಟು ಎಂಥದ್ದೂ ಇಲ್ಲ. ಒಳ್ಳೆಯ ಇಲಿಗಳು, ಅಷ್ಟೇ.

ದೋಣಿಯವ ಕೂಗುತ್ತಿದ್ದಾನೆ.

ತೆಯೋನೆ

*

ಡ್ಯುನೆಡಿನ್
೧೨ ಮೇ ೧೯೭೯

ಪ್ರೀತಿಯ ಮಾಮ,

ಗುಟ್ಟು ಕೇಳಿದ್ದಕ್ಕೆ ಬೇಜಾರಾಯಿತೇನೋ, ಕಾಗದ ಅಂಗೈ ಅಗಲಕ್ಕೆ ಬಂದುಬಿಟ್ಟಿದೆ. ಬಿಡಿ, ಇನ್ನು ಕೇಳುವುದಿಲ್ಲ. ತೂಕ ನೋಡಿಯೇ ಆರಿಸುತ್ತೇನೆ, ಎಲ್ಲರೂ ಹಾಗೇ ಆರಿಸುತ್ತಾರೆ. ಇಷ್ಟು ವರ್ಷ ನೀವೇ ತಕ್ಕಡಿಯಲ್ಲಿಟ್ಟು ಕೊಡುತ್ತಿದ್ದಿರಲ್ಲ, ಈಗ ಯಾಕೆ ನನ್ನ ಪರೀಕ್ಷೆ?

ಮೆಲ್ಬರ್ನ್‌ಗೆ ಟಿಕೆಟ್ ಬಂತು. ಅಮ್ಮ ನೀಲಿ ಕೋಟು ಹೊಲಿಸುತ್ತಿದ್ದಾರೆ. ಕನ್ನಡಿ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತೇನೆ, ನಾಯಿ ಎದ್ದು ಆಚೆ ಹೋಗುತ್ತದೆ.

ಎರಡನೆಯ ಡಬ್ಬಿಯನ್ನು ಈಗಲೇ ತೆಗೆಯುವುದು ಬೇಡ ಅಂದರು ಪ್ರೊಫೆಸರ್. "ಇನ್ನೊಂದಿಷ್ಟು ವಾರ ಇದ್ರೆ ಚುಕ್ಕೆ ಇನ್ನೂ ಚೆನ್ನಾಗಿ ಮೂಡುತ್ತೆ. ಮೆಲ್ಬರ್ನ್ ಮುಗಿಸ್ಕೊಂಡು ಬಂದು ನೋಡಿದ್ರಾಯ್ತು" ಅಂದರು. ನಾನೂ ಹೂಂ ಅಂದೆ. ಬೇರೆ ಕೆಲಸವೇ ಬೆಟ್ಟದಷ್ಟಿದೆ.

ನಿಮಗೆ ಮಾತ್ರ ಹೇಳುತ್ತೇನೆ. ಇಪ್ಪತ್ತೆರಡನೇ ತಾರೀಕು ಹತ್ತಿರ ಬಂದ ಹಾಗೆ ಆ ಫ್ರಿಜ್ಜಿನ ಮುಂದೆ ಹೋಗಲು ನನಗೇಕೋ ಇಷ್ಟವಿಲ್ಲ. ಹಾಲು ತರಲು ಬೇರೆ ಕೋಣೆಯ ಫ್ರಿಜ್ಜಿಗೆ ಹೋಗುತ್ತೇನೆ.

ಬ್ಯಾರಿಯ ಮೇಲಿನ ದೂರು ಸೋಮವಾರ ಟೈಪ್ ಆಗುತ್ತದೆ.

ಐಲ್ಸಾ

*

ದ್ವೀಪದಿಂದ
೧೭ ಮೇ ೧೯೭೯

ಐಲ್ಸಾ,

ದೂರು ನಿಲ್ಲಿಸು. ಮೊದಲು ಅದನ್ನು ನಿಲ್ಲಿಸಿ ಬಾ, ಆಮೇಲೆ ಮುಂದೆ ಓದು.

ಬ್ಯಾರಿಯ ಇಲಿಗಳು ಸರಿಯಾಗಿವೆ. ತಪ್ಪಿರುವುದು ನನ್ನವು. ನಾನು ಅವಕ್ಕೆ ತಿನ್ನಿಸುತ್ತಿದ್ದೆ. ದಿನಾ ಬೆಳಿಗ್ಗೆ ಓಟ್ಸ್ ಗಂಜಿ, ಅದಕ್ಕೆ ಬೆಣ್ಣೆ, ಮೇಲೆ ಸಕ್ಕರೆ ಪಾಕ. ಮಧ್ಯಾಹ್ನ ಹೆನಿ ಕಳಿಸುತ್ತಿದ್ದ ಕೇಕಿನ ಚೂರು. ಉಂಡೆ ಬಿಟ್ಟು ಬೇರೇನೂ ಹಾಕಕೂಡದು ಎಂದು ಗೋಡೆಯ ಮೇಲೆ ಬರೆದಿತ್ತು. ಬರೆದವನೂ ನಾನೇ. ನಮ್ಮ ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಳೆ ನಿಮ್ಮ ಚಾಕುವಿಗೆ ಹೋಗುವ ಜೀವಕ್ಕೆ ಒಣ ಉಂಡೆ ಹಾಕಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಮುಂಚೆ ಅಲ್ಲೊಂದು ಚೂರು ಇಲ್ಲೊಂದು ಚೂರು ಹಾಕುತ್ತಿದ್ದೆ, ಅಷ್ಟೇ. ಹೋದ ನವೆಂಬರಿನಲ್ಲಿ ಮಾತ್ರ ಮಿತಿ ಮೀರಿದೆ. ಆಗ ನೀನು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಮಾಮ, ತೂಕ ಬಂತಾ? ಟೈಮಿಲ್ಲ ಮಾಮ, ವರ್ಷ ಮುಗೀತಾ ಬಂತು." ನಿನ್ನ ಮುಖ ನೋಡಲಾಗುತ್ತಿರಲಿಲ್ಲ. ಬೇಗ ತೂಗಲಿ ಎಂದು ಎರಡು ಹೊತ್ತು ತಿನ್ನಿಸಿದೆ. ಮೂರು ತಿಂಗಳಿಗೆ ಮುಟ್ಟುವ ತೂಕವನ್ನು ಅವು ಎರಡೇ ತಿಂಗಳಿಗೆ ಮುಟ್ಟಿದವು. ನಿನ್ನ ಕೈಗೆ ಕೊಟ್ಟಾಗ ನೀನು ಕುಣಿದೆ. ನನಗೂ ಹೆಮ್ಮೆಯಾಯಿತು.

ನೀನು ಮೊದಲ ಕಾಗದದಲ್ಲಿ ಬರೆದದ್ದು ಆಗ ನನಗೆ ಹೊಳೆಯಲಿಲ್ಲ. ಬೆಳೆಯುವ ಪ್ರಾಣಿಯಲ್ಲಿ ಆ ಜೀವಕೋಶಗಳು ತಾವಾಗಿಯೇ ಹೆಚ್ಚುತ್ತವೆ ಎಂದು ನೀನೇ ಹೇಳಿದ್ದೆ. ಆಮೇಲೆ ಇಲ್ಲಿ ಬಿಲದಲ್ಲಿ ಕೈಯಿಟ್ಟಾಗೆಲ್ಲ ಅದೇ ಕೊರೆಯತೊಡಗಿತು. ಒಳಗೆ ಏನೂ ಕಾಣುವುದಿಲ್ಲ. ಕೈಗೆ ಭಾರ ಹತ್ತಿದರೆ ದೊಡ್ಡದು ಅನಿಸುತ್ತದೆ, ಹೊಟ್ಟೆಯಡಿ ಬೆರಳಾಡಿಸಿದರೆ ಎಳೆ ತುಪ್ಪಳ. ಆ ಹನ್ನೆರಡು ಇಲಿಗಳೂ ಹೀಗೇ, ದಪ್ಪ ಮಕ್ಕಳು. ಅವು ಇನ್ನೂ ಬೆಳೆಯುತ್ತಿದ್ದವು ಐಲ್ಸಾ. ಬಲಗಡೆಗೆ ಯಾವ ಸುದ್ದಿಯೂ ಹೋಗಿರಲಿಕ್ಕಿಲ್ಲ.

ಹೋದ ಕಾಗದದಲ್ಲೇ ಹೇಳಬೇಕಿತ್ತು. ನಾಚಿಕೆಯಾಯಿತು. ಮೂವತ್ತೊಂದು ವರ್ಷ ಪ್ರಾಮಾಣಿಕ ಎಂದು ಭಾಷಣ ಮಾಡಿ ಗಡಿಯಾರ ಕೊಟ್ಟು ಕಳಿಸಿದ್ದಾರೆ, ನಿನ್ನ ಮೆಲ್ಬರ್ನ್ ಕೆಲಸ ಬೇರೆ ಇದರ ಮೇಲೆ ನಿಂತಿದೆ. ಹೆನಿಗೆ ಹೇಳಿದೆ. ಅವಳು ಪುಕ್ಕ ಕೀಳುತ್ತಿದ್ದ ಹಕ್ಕಿಯನ್ನು ಕೆಳಗಿಟ್ಟು, "ಅವಳು ಅಷ್ಟು ಜನರ ಎದುರಿಗೆ ನಿಂತು ಸುಳ್ಳು ಹೇಳೋ ಹಾಗಾದ್ರೆ, ನೀನು ನನ್ನ ಒಲೆ ಮುಂದೆ ಕೂರ್ಬೇಡ" ಅಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ತೆಯೋನೆ

೨೪ ಮೇ. ಏಳು ದಿನದಿಂದ ದೋಣಿಯಿಲ್ಲ. ಅಲೆ ಮನೆಯೆತ್ತರ ಏಳುತ್ತಿದೆ. ದಿನಾ ಬಂಡೆಯ ಮೇಲೆ ಹೋಗಿ ನಿಲ್ಲುತ್ತೇನೆ. ಹನ್ನೆರಡನೇ ತಾರೀಕಿನೊಳಗೆ ತಲುಪಲಿ.

೨೮ ಮೇ. ದೋಣಿ ಬಂತು! ಇದನ್ನು ದೋಣಿಯವನ ಕೈಗೆ ಕೊಡುವುದಿಲ್ಲ, ಅವನ ಅಂಗಿಯೊಳಗೇ ತುರುಕುತ್ತೇನೆ.

*

ಡ್ಯುನೆಡಿನ್
೧ ಜೂನ್ ೧೯೭೯

ಮಾಮ,

ಕಾಗದ ನಿನ್ನೆ ಬೆಳಿಗ್ಗೆ ಬಂತು. ಓದಿ, ಇಲಿಮನೆಗೆ ಹೋಗಿ, ಖಾಲಿ ಗೂಡಿನ ಮುಂದೆ ನಿಂತು ನಿಮ್ಮನ್ನು ಬೈದೆ. ಜೋರಾಗಿ ಬೈದೆ. ಇಲಿಗಳೆಲ್ಲ ಮೂಲೆ ಸೇರಿದವು. ಬೆಣ್ಣೆಯಂತೆ! ಪಾಕವಂತೆ! ನನಗೆ ಒಂದು ದಿನವಾದರೂ ಗಂಜಿ ಕೊಟ್ಟಿದ್ದೀರಾ?

ಆಮೇಲೆ ಗೂಡಿನ ಹಳೆಯ ಚೀಟಿಗಳ ಕಟ್ಟು ಬಿಚ್ಚಿದೆ. ಹನ್ನೆರಡು ಚೀಟಿಯಲ್ಲೂ ಹುಟ್ಟಿದ ತಾರೀಕು ಇದೆ, ನಿಮ್ಮ ಆ ದಪ್ಪ ದಪ್ಪ ಅಕ್ಷರದಲ್ಲಿ. ಬಲೂನು ಹಾಕಿದ ದಿನಕ್ಕೆ ಐವತ್ತಾರು ದಿನ. ಐವತ್ತೇಳು ದಿನ. ನೀವು ಏನನ್ನೂ ಮುಚ್ಚಿಟ್ಟಿರಲಿಲ್ಲ. ತಾರೀಕಿನ ಪಕ್ಕದ ಚೌಕದಲ್ಲೇ ತೂಕ ಬರೆದಿತ್ತು, ನಾನು ಅದೊಂದನ್ನೇ ಓದಿಕೊಂಡು ಕುಣಿದುಕೊಂಡು ಹೋಗಿದ್ದೆ. ಬೆಳೆಯುವ ನಾಳ, ಬೆಳೆದ ನಾಳ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು! ನಿಮ್ಮನ್ನು ಬೈದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಂಡಿದ್ದೇನೆ. ಅರ್ಧ ನಿಮ್ಮ ಹತ್ತಿರವೇ ಇರಲಿ.

ಫ್ರಿಜ್ಜಿನ ಬಾಗಿಲು ತೆಗೆದೆ. ಡಬ್ಬಿ ಕತ್ತಲೆಕೋಣೆಗೆ ಒಯ್ದು ಗಾಜುಗಳನ್ನು ತೊಳೆದೆ. ಬ್ಯಾರಿಯ ಇಲಿಗಳು, ಹನ್ನೆರಡು ವಾರ ತುಂಬಿದವು. ಎಡಗಡೆ ಕಪ್ಪೋ ಕಪ್ಪು. ಬಲಗಡೆ ಸಾವಿರ ಜೀವಕೋಶ ಎಣಿಸಿದರೆ ಎರಡು ಚುಕ್ಕೆ. ಮತ್ತೊಂದು ಸಾವಿರ ಎಣಿಸಿದೆ. ಒಂದು. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ ಮಾಮ. ಡಬ್ಬಿಯಲ್ಲಿ ಏನಿದೆ ಎಂದು ಮೊದಲಿಂದಲೂ ಒಳಗೊಳಗೇ ಗೊತ್ತಿತ್ತು ಅನಿಸುತ್ತದೆ. ಆ ಬಲಗಡೆಯ ಚುಕ್ಕೆಗಳು ತೀರಾ ಅಚ್ಚುಕಟ್ಟಾಗಿದ್ದವು. ಗೋಡೆಯ ಉದ್ದಕ್ಕೂ ಸಮನಾಗಿ, ಒಂದೂ ಒಳಕ್ಕೆ ನುಗ್ಗದೆ. ಪೆಟ್ಟು ತಿಂದು ಎದ್ದವರ ಹಾಗಿರಲಿಲ್ಲ.

ಪ್ರೊಫೆಸರಿಗೆ ಹೇಳಿದೆ. ಅವರು ನನ್ನ ಬಿಸ್ಕತ್ತು ತಿಂದು, "ಮೆಲ್ಬರ್ನ್‌ಗೆ ತಂತಿ ಕೊಡೋಣ. ಹುಷಾರಿಲ್ಲ ಅಂದ್ರಾಯ್ತು" ಅಂದರು.

"ನಾನು ಹುಷಾರಾಗೇ ಇದ್ದೀನಿ ಪ್ರೊಫೆಸರ್."

"ಹೋಗಿ ಏನು ಮಾಡ್ತೀಯ?"

"ಅಚ್ಚಾಗಿರೋದು ತಪ್ಪು ಅಂತೀನಿ."

"ಆ ಕೆಲಸ ಸಿಗಲ್ಲ, ಐಲ್ಸಾ."

"ಸಿಗದಿದ್ರೆ ಬೇಡ."

ಹೇಳಿದಷ್ಟು ಧೈರ್ಯವಾಗಿ ಇರಲಿಲ್ಲ. ಅವರು ಎದ್ದು ಮೇಜಿನ ಮೇಲಿದ್ದ ದೂರನ್ನು ಹರಿದು ಬುಟ್ಟಿಗೆ ಹಾಕಿದರು. ಅದು ಹದಿನೈದು ದಿನದಿಂದ ಸಹಿಯಾಗದೆ ಬಿದ್ದಿತ್ತು, ಪುಣ್ಯ. ಬ್ಯಾರಿಗೆ ಮಾಂಸದ ಪೈ ಕೊಂಡೊಯ್ದು ಕ್ಷಮೆ ಕೇಳಿದೆ. ಎಲ್ಲ ಕೇಳಿ ಅವನು, "ಅಯ್ಯೋ, ನನ್ನ ಸೋಪಿನ ವಾಸನೆಗೆ ಮುಖ ತಿರುಗಿಸ್ತಾವೆ ಅಂದ್ಕೊಂಡು ಮೂರು ಸೋಪು ಬದಲಾಯಿಸ್ದೆನಲ್ರೀ" ಅಂದ.

ಇದೇ ಹತ್ತನೇ ತಾರೀಕಿಗೆ ವಿಮಾನ, ಪ್ರೊಫೆಸರೂ ಬರುತ್ತಾರೆ. ಭಾಷಣ ಮೊದಲಿಂದ ಬರೆಯಬೇಕು.

ಐಲ್ಸಾ

*

ಮೆಲ್ಬರ್ನ್
೧೪ ಜೂನ್ ೧೯೭೯

ಪ್ರೀತಿಯ ಮಾಮ,

ಇಷ್ಟು ಹೊತ್ತಿಗೆ ನೀವು ದ್ವೀಪ ಬಿಟ್ಟು ಬ್ಲಫ್‌ನ ಮನೆ ಸೇರಿರುತ್ತೀರಿ. ಇದನ್ನು ಕೂತುಕೊಂಡು ಓದಿ.

ಇನ್ನೂರು ಜನ ಇದ್ದರು. ನೀಲಿ ಕೋಟಿನೊಳಗೆ ಬೆವರಿ ಒದ್ದೆಯಾಗಿದ್ದೆ. "ನಿಮ್ಮ ಕೈಯಲ್ಲಿ ನನ್ನ ಹೆಸರಲ್ಲಿ ಅಚ್ಚಾಗಿರುವುದು ತಪ್ಪು" ಎಂದು ಶುರುಮಾಡಿದೆ. ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ತೂಕ ನೋಡಿ ಆರಿಸಿದೆ, ವಯಸ್ಸು ನೋಡಲಿಲ್ಲ, ಎಂಟು ವಾರದವನ್ನು ಬೆಳೆದವು ಎಂದುಕೊಂಡೆ ಅಂತ ಹೇಳಿದೆ. ಹಿಂದಿನ ಸ್ಲೈಡು, ಹೊಸ ಸ್ಲೈಡು, ಎರಡೂ ತೋರಿಸಿದೆ.

ಆಮೇಲೆ, ಮಾಮ, ನಾನು ವಿಮಾನದಲ್ಲಿ ಕಂಡುಕೊಂಡದ್ದನ್ನು ಹೇಳಿದೆ. ತಪ್ಪಿನಿಂದ ಹುಟ್ಟಿದ ಆ ಹನ್ನೆರಡು ಇಲಿಗಳಲ್ಲಿ ಒಂದೇ ಕತ್ತಿನ ಎರಡು ಬದಿಗೆ ಎರಡು ಕೆಲಸ ನಡೆಯುತ್ತಿತ್ತು. ಬಲಗಡೆ ಬೆಳವಣಿಗೆ, ಎಡಗಡೆ ಗಾಯ. ಒಂದೇ ರಕ್ತ, ಒಂದೇ ದಿನ, ಒಂದೇ ಮದ್ದು. ಎರಡು ಕಡೆಯೂ ಅದೇ ಜೀವಕೋಶ ಹೆಚ್ಚುತ್ತಿದೆ. ಬಲಗಡೆಯದು ತನ್ನ ಪದರದೊಳಗೇ ಇದ್ದು ಗೋಡೆ ಕಟ್ಟುತ್ತದೆ. ಎಡಗಡೆಯದು ಗುಂಪುಗಟ್ಟಿಕೊಂಡು ಒಳಕ್ಕೆ ನುಗ್ಗುತ್ತದೆ. ಗಾಯವಾದ ನಾಳ ಮತ್ತೆ ಮಗುವಿನ ಕೆಲಸಕ್ಕೇ ಇಳಿಯುತ್ತದೆ, ಆದರೆ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮರೆತಿರುತ್ತದೆ. ಹಾಗೆಂದು ಸಾಧಿಸಿದ್ದೇನೆ ಅನ್ನುತ್ತಿಲ್ಲ, ಕೇಳುತ್ತಿದ್ದೇನೆ ಅಂದೆ.

ಹಿಂದಿನ ಸಾಲಿನಿಂದ ಸಿಡ್ನಿಯ ಬಿಳಿಕೂದಲಿನ ಡಾಕ್ಟರಮ್ಮ ಒಬ್ಬರು ಎದ್ದರು. "ಎಂಟು ವಾರದ ಇಲಿ ಮುನ್ನೂರೈವತ್ತು ಗ್ರಾಂ ಹೇಗಮ್ಮ ತೂಗ್ತು?"

"ಓಟ್ಸ್ ಗಂಜಿ, ಬೆಣ್ಣೆ, ಪಾಕ" ಅಂದೆ.

ಸಭೆಯೇ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಅವರು ಬಿಡಲಿಲ್ಲ. "ಯಾರು ತಿನ್ನಿಸಿದ್ದು?"

"ನನ್ನ ಅವಸರ" ಅಂದೆ. ಅದು ಪೂರ್ತಿ ನಿಜ ಮಾಮ. ನಾನು ದಿನಾ ಬಾಗಿಲಲ್ಲಿ ನಿಂತು ಗೋಳಾಡದೆ ಇದ್ದಿದ್ದರೆ ನೀವು ಪಾತ್ರೆ ಒಲೆಗಿಡುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ಮೂರು ಊರಿನವರು ಒಬ್ಬೊಬ್ಬರಾಗಿ ಮೂಲೆಗೆ ಕರೆದು, "ನಾವೂ ತೂಕ ನೋಡೇ ತಗೊಳ್ಳೋದು. ಯಾರಿಗೂ ಹೇಳ್ಬೇಡಿ" ಅಂದರು. ಎರಡು ವರ್ಷದ ಕೆಲಸ ಹಂದಿಯ ಹೃದಯದ ಮೇಲೆ ಕೆಲಸ ಮಾಡುವ ಒಬ್ಬನಿಗೆ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಂಜೆ ಬಿಳಿಕೂದಲಿನವರು ನನ್ನನ್ನೂ ಪ್ರೊಫೆಸರನ್ನೂ ಹುಡುಕಿಕೊಂಡು ಬಂದರು. ಮೂರು ವಾರ, ಆರು ವಾರ, ಎಂಟು, ಹನ್ನೆರಡು, ಇಪ್ಪತ್ತು. ಈ ವಯಸ್ಸಿನ ಇಲಿಗಳಲ್ಲಿ ಗಾಯ ಮಾಡಿ ನೋಡೋಣ, ಡ್ಯುನೆಡಿನ್‌ನಲ್ಲೇ ಮಾಡು, ಒಂದು ವರ್ಷಕ್ಕೆ ನಾನು ಹಣದ ವ್ಯವಸ್ಥೆ ಮಾಡುತ್ತೇನೆ ಅಂದರು. ಅವರದು ಒಂದೇ ಷರತ್ತು. ಪ್ರತಿ ಇಲಿಯ ವಯಸ್ಸಿಗೂ ಒಬ್ಬರು ಸಹಿ ಹಾಕಿ ಹೊಣೆ ಹೊರಬೇಕು.

ಅವರು ಅಲ್ಲೇ ಫಾರಂ ಹರಡಿದರು. "ವಯಸ್ಸನ್ನು ದೃಢಪಡಿಸುವವರು" ಎಂದು ಒಂದು ಖಾಲಿ ಗೆರೆ. ಪ್ರೊಫೆಸರ್ ಪೆನ್ನು ತೆಗೆದರು. ನಾನು ಅವರ ಕೈಯಿಂದ ಪೆನ್ನು ತೆಗೆದುಕೊಂಡು ನಿಮ್ಮ ಹೆಸರು ಬರೆದೆ. ಅವರು ಹೆಸರು ಓದಿದರು. ಆಮೇಲೆ ಪೆನ್ನು ವಾಪಸ್ ಕೇಳಿದರು.

ಬ್ಯಾರಿಗೆ ಫೋನ್ ಮಾಡಿದೆ. ಎಳೆ ಮರಿ ಹಿಡಿಯುವುದು ಅವನಿಗೆ ಬರುವುದಿಲ್ಲವಂತೆ, ನೀವು ಬಂದರೆ ಸಾಕಂತೆ. ವಾರಕ್ಕೆ ಮೂರು ದಿನ. ತಾಯಿ ಇಲಿಗಳು ಈಗಾಗಲೇ ಹೊಟ್ಟೆ ಬಿಟ್ಟುಕೊಂಡಿವೆ. ಸೋಮವಾರ ೨೫ಕ್ಕೆ ಬರುತ್ತೀರಾ?

ಐಲ್ಸಾ

*

ಬ್ಲಫ್
೨೦ ಜೂನ್ ೧೯೭೯

ಐಲ್ಸಾ ಮಗಳೇ,

ಕೂತೇ ಓದಿದೆ. ಆಮೇಲೆ ಎದ್ದು ಸೌದೆ ಒಡೆಯಲು ಹಿತ್ತಲಿಗೆ ಹೋದೆ. ಹೆನಿ ಬಾಗಿಲಿಗೆ ಬಂದು "ಸೌದೆ ಆಗ್ಲೇ ಒಡೆದಿದೆ, ಏನ್ ಮಾಡ್ತಿದ್ದೀಯಾ ಅಲ್ಲಿ, ಅಳ್ತಿದ್ದೀಯೇನೋ?" ಎಂದಳು. "ಕಣ್ಣಿಗೆ ಚೂರು ಬಿತ್ತು" ಅಂದೆ. "ಎರಡೂ ಕಣ್ಣಿಗಾ?" ಅಂದಳು. ಆಮೇಲೆ ಕಾಗದ ಕಸಿದುಕೊಂಡು ತಾನೇ ಓದಿ, ನನ್ನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಲು ಕೂತಿದ್ದಾಳೆ.

ಮಗಳೇ, ಗಂಜಿ ತಿನ್ನಿಸಿದವನು ನಾನೇ ಎಂದು ಆ ಡಾಕ್ಟರಮ್ಮನಿಗೆ ನೀನು ಹೇಳಿಲ್ಲ. ಸಹಿ ಹಾಕುವ ಮೊದಲು ನಾನೇ ಬರೆದು ತಿಳಿಸುತ್ತೇನೆ. ಆಮೇಲೂ ಅವರಿಗೆ ಬೇಕಾದರೆ ಹಾಕುತ್ತೇನೆ. ಬೇಡ ಅಂದರೂ ಬರುತ್ತೇನೆ, ಬ್ಯಾರಿಗೆ ಮರಿ ಹಿಡಿಯುವುದು ಕಲಿಸಬೇಕಲ್ಲ.

ಸೋಮವಾರ ಆಗುವುದಿಲ್ಲ, ಅಷ್ಟು ಹೊತ್ತಿಗೆ ಎಲ್ಲ ಮರಿ ಹಾಕಿ ಮುಗಿಸಿರುತ್ತವೆ, ತಾರೀಕು ಯಾರು ಬರೆಯುತ್ತಾರೆ? ಶುಕ್ರವಾರದ ರೈಲಿಗೇ ಹೊರಡುತ್ತಿದ್ದೇನೆ.

ತೆಯೋನೆ